ನಾಕನೇ ಮಿಣುಕು

ತಾನಾಗೇ ತೆರೀತು ಅಂತ ಫೋನ್ ಬಂತು.
ಜುಳೆ ಸೋಲಾಪುರದ ಬಿರಾಜದಾರ ಬಾಯಾರು,
ದನದ ಡಾಕ್ಟರು,
ಎಮ್ಮೀ ಹೊಟ್ಟ್ಯಾಗ ಹೆಗಲತನಕ ಕೈ ಹಾಕಿ
ಅಡ್ಡಾದ ಕರಾ ಎಳಿಯೂ ಹೆಣಮಗಳು;
ಅವತ್ತ ಅವರ ದನಿ ಸಣ್ಣದಿತ್ತು.
"ರಾತ್ರಿ ಹನ್ನೊಂದೂವರಿಗೆ, ರೇವಣಸಿದ್ದ,
ಗ್ಯಾರೇಜಿನ ಶಟರು ಒಂದ ಮೊಳ ಎದ್ದು
ನಿಂತು
ಏನೋ ನೆನಪಾದವರಂಗ ಹೊಳ್ಳಿ ಇಳೀತು.
ಅತ್ತಿ ಲಿಂಬಿಕಾಯಿ ಕಟ್ಟಿಸ್ಯಾರ."

ಎರಡು ವರ್ಷದ ಹಿಂದ ಆ ಮೋಟಾರ ಕೂಡಿಸಿದಾಂವ ನಾನ.
ಅದಕ್ಕೂ ಮೊದಲು ಅಲ್ಲಿ ಅಂಗೈ ಅಗಲದ ಎರಡು ಕೀಲಿ,
ಮಳಿಗಾಲದಾಗ ತುಕ್ಕು ಹಿಡದು ಬಟ್ಟಲಗಟ್ಟಲೆ ಎಣ್ಣೀ ಕುಡಿಯೂವು.
ಗೇಣ ಎತ್ತರದಾಗ ಎರಡು ಕಣ್ಣು ಇಟ್ಟೆ,
ನಡುವ ಬೆಕ್ಕು ದಾಟಿದ್ರೂ
ಇಳಿಯೂ ಶಟರು ಉಸರ ಹಿಡದು ನಿಂದರತೈತಿ.
ಕರೆಂಟು ಹೋದ್ರ ಜಗ್ಗಾಕ ಕೆಂಪು ಹಗ್ಗ,
ಸಂದ್ಯಾಗಿಂದ ತಂತಿ ತೂರಿಸಿ ಕಳ್ಳ ಜಗ್ಗಬಾರದಂತ
ಹಗ್ಗಕ್ಕೊಂದು ತಗಡಿನ ಮರಿ.
ರಿಮೋಟಂತೂ ಒಮ್ಮೆ ಆಡಿದ ಮಾತು ಇನ್ನೊಮ್ಮೆ ಆಡೂದಿಲ್ಲ,
ಒತ್ತಿದಷ್ಟೂ ಸಲ ಹೊಸಾ ಗುಟ್ಟು.
ಕದ್ದು ಕೇಳಿದಾಂವಗ ಸಿಗೂದು
ನಿನ್ನಿನ ಮಾತು, ಹಳಸಿದ್ದು.
ಇದನ್ನೆಲ್ಲಾ ಬಾಯಾರಿಗೆ ನಾನ ಹೇಳಿದ್ದೆ,
ಚಾ ಕುಡಕೋತ, ಎದಿ ಉಬ್ಬಿಸಿ.

ಏಣಿ ಹತ್ತಿ ಡಬ್ಬಿ ಬಿಚ್ಚಿದೆ.
ಒಳಗೊಂದು ಹಸರ ದೀಪ,
ಸಾಸಿವಿಕಾಳಿನಷ್ಟು.
ಎಷ್ಟು ರಿಮೋಟಿನ ಗುರ್ತು ಐತೋ ಅಷ್ಟು ಸಲ ಮಿಣುಕತೈತಿ.
ಒಂದು. ಬಾಯಾರದು, ಜೀಪಿನ ಕೀಲಿ ಜೋಡಿ.
ಎರಡು. ಅತ್ತಿಯದು, ಎಲಿ-ಅಡಕಿ ಚೀಲದಾಗ.
ಮೂರು. ಕಂಪೌಂಡರ ದಸ್ತಗೀರನದು.
ನಾಕು.

"ನಾಕನೇದು ಯಾರದು?"
ಕೆಳಗ ಬಾಯಾರೂ ಎಣಸಾಕತ್ತಿದ್ರು.
ದನದ ನಾಡಿ ಎಣಸೂ ಮಂದಿ,
ಒಂದ ಬಡತ ತಪ್ಪಸೂದಿಲ್ಲ.

ನನ್ನ ಅಂಗಿ ಕಿಸೇದಾಗ ಇತ್ತು ಅದು.
ಕೂಡಿಸಿದ ದಿನ ತಪಾಸ ಮಾಡಾಕ ನಂದೊಂದು ಕಲಿಸಿದ್ದೆ,
ಅಳಿಸಾಕ ಮರತಿದ್ದೆ.
ಮರತಿದ್ದೆ ಅನ್ನೂದು ಒಂದ ಮನೀಗೆ ಖರೆ.
ನಲವತ್ತೊಂದು ಮನಿ, ಈ ಒಂದ ರಿಮೋಟು.
ಅದಕ್ಕ ಮರಿವು ಅಂತಾರೇನು?

ಆ ರಾತ್ರಿ ಎಂಐಡಿಸಿಯ ಟವೆಲ್ ಗಿರಣಿಗೆ
ಗೇಟು ಕೂಡಿಸಿ ಹೊಳ್ಳಿ ಬರೂವಾಗ
ಬಾಯಾರ ಮನೀ ಮುಂದ ಗಾಡಿ ತಾನ ಸಾವಕಾಶ ಆತು.
ಏನೂ ಬೇಕಾಗಿದ್ದಿಲ್ಲ ನನಗ.
ನಾ ಮಾಡಿದ್ದು ಇನ್ನೂ ನನ್ನ ಮಾತು ಕೇಳತೈತೇನು,
ಅಷ್ಟ ನೋಡಬೇಕಿತ್ತು.
ಕೇಳಿತು.
ಬೆಳಕಿನ ಒಂದು ಪಟ್ಟಿ ರೋಡಿಗೆ ಹರಕೊಂಡು ಬಂದು
ನನ್ನ ಚಪ್ಪಲಿ ಮ್ಯಾಲೆ ಬಿತ್ತು.
ಕೆಂಡ ತುಳದಾಂವನಂಗ ಹೊಳ್ಳಿ ಒತ್ತಿದೆ.

"ಕಂಪನೀದು ಇರತೈತ್ರಿ, ಬಾಯಾರ," ಅಂದೆ.
ಯಾ ಕಂಪನಿ? ಮಾಲಕ ನಾನ, ಆಳ ನಾನ.
ಗುಂಡಿ ಒತ್ತಿ ಹಿಡದೆ, ಹತ್ತು ಎಣಸೂತನಕ.
ದೀಪ ಆರಿತು.
ಡಬ್ಬಿಗೆ ಈಗ ಯಾರದೂ ಗುರ್ತಿಲ್ಲ,
ಅತ್ತಿಯದಿಲ್ಲ, ಸೊಸಿಯದಿಲ್ಲ, ನಂದಿಲ್ಲ.
ಮತ್ತ ಮೂರನ್ನ ಕಲಿಸಿದೆ. ಮೂರನ್ನಷ್ಟ.

ರೊಕ್ಕಾ ಹಿಡದ್ರು. ಒಲ್ಲೆ ಅಂದೆ.
ಬಾಯಾರು ನನ್ನ ಮಾರಿ ನೋಡಿದ್ರು,
ಮೇವು ಬಿಟ್ಟ ಎತ್ತು ನೋಡಿದಂಗ:
ಎಲ್ಲಿ ಬ್ಯಾನಿ ಅಂತ ಬಾಯಿ ಇಲ್ಲದ್ದನ್ನ ಕೇಳೂದಿಲ್ಲ ಅವರು,
ಒತ್ತಿ ನೋಡತಾರ.
ಏನೂ ಅನಲಿಲ್ಲ. ನೋಟು ಮಡಚಿ ಹೊಳ್ಳಿ ಇಟಗೊಂಡ್ರು.
ಲಿಂಬಿಕಾಯಿ ಮಾತ್ರ ಬಿಚ್ಚಲಿಲ್ಲ.

ಉಳದ ನಲವತ್ತು ಮನೀಗೆ ಮರುದಿನಾನ ಹೊಂಟೀನಿ,
ಏಣಿ ಗಾಡಿಗೆ ಕಟಗೊಂಡು.
"ಪುಕ್ಕಟ ಸರ್ವಿಸ್ ರೀ, ಐದ ಮಿನಿಟ್ ಅಷ್ಟ."
ಪುಕ್ಕಟ ಅಂದ ಕೂಡ್ಲೆ ಪಡದಾ ಸರಿತಾವು,
ಆಧಾರ ಕಾರ್ಡ ತೋರಸು ಅಂತಾರ,
ಹೊಟಗಿ ರೋಡಿನ ನಿಂಬರಗಿ ವೈನಿ ನಾಯಿ ಬಿಟ್ಟಳು.
ಅವರವರ ಬಾಗಲಾ ನನ್ನ ಕಿಸೇದಾಗ ಇಟಗೊಂಡು
ಬಿಸಲಾಗ ನಿಂತು ಬೆಲ್ಲು ಒತ್ತಾಕತ್ತೀನಿ.
ಮೂರು ದಿನಾ ಆತು.
ತೆರಿಯವೊಲ್ರು.